ಡೆಲ್ಟಾ ಸಿಫೈ ಎಂಬ ಮಂದ ಚುಕ್ಕಿ

ಡೆಲ್ಟಾ ಸಿಫೈ ಬರಿಗಣ್ಣಿಗೆ ಮಸುಕಾಗಿ ಕಾಣುವ ಚುಕ್ಕಿ; ಊರ ದೀಪಗಳ ನಡುವೆ ಅದೂ ಇಲ್ಲ. ಆದರೂ ನನಗೆ ಇದಕ್ಕಿಂತ ಪ್ರಿಯವಾದ ನಕ್ಷತ್ರ ಇನ್ನೊಂದಿಲ್ಲ. ಕಾರ್ತಿಕದ ಮುಂರಾತ್ರಿ ಉತ್ತರಕ್ಕೆ ಮುಖ ಮಾಡಿ ಸಿಫಿಯಸ್ ಪುಂಜವನ್ನು ಹುಡುಕಿ. ಅದರಲ್ಲಿ ಡೆಲ್ಟಾದ ಪಕ್ಕದಲ್ಲೇ ಝೀಟಾ, ಎಪ್ಸಿಲಾನ್ ಎಂಬ ಎರಡು ತಾರೆಗಳಿವೆ; ಹೋಲಿಸಿ ನೋಡಲು ಬೇರೆ ಉಪಕರಣ ಬೇಡ. ಡೆಲ್ಟಾ ಒಂದು ರಾತ್ರಿ ಹೆಚ್ಚುಕಡಿಮೆ ಝೀಟಾದಷ್ಟೇ ಹೊಳೆಯುತ್ತದೆ. ಮೂರ್ನಾಲ್ಕು ದಿನ ಬಿಟ್ಟು ನೋಡಿದರೆ ಎಪ್ಸಿಲಾನ್‌ಗಿಂತಲೂ ಮಂಕು. ಏರುವುದು ಚುರುಕು, ಇಳಿಯುವುದು ನಿಧಾನ. ಒಂದು ಸುತ್ತಿಗೆ ಸುಮಾರು 5 ದಿನ 9 ಗಂಟೆ.

1784ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಈ ಏರಿಳಿತವನ್ನು ಗುರುತಿಸಿದವರು ಜಾನ್ ಗುಡ್ರಿಕ್, ಕಿವಿ ಕೇಳದ 20ರ ತರುಣ. 21ಕ್ಕೇ ತೀರಿಕೊಂಡರು, ಎಂಥ ಕಣ್ಣು ಅವರದು!

ಈ ಏರಿಳಿತಕ್ಕೆ ಕಾರಣ ನಕ್ಷತ್ರದ ಮಿಡಿತ: ಹೊರಭಾಗದ ಹೀಲಿಯಂ ಪದರ ಒತ್ತಿಕೊಂಡಾಗ ಶಾಖವನ್ನು ತಡೆಹಿಡಿಯುತ್ತದೆ, ನಕ್ಷತ್ರ ಉಬ್ಬುತ್ತದೆ. ಉಬ್ಬಿ ತಣಿದ ಪದರ ಶಾಖವನ್ನು ಬಿಟ್ಟುಕೊಟ್ಟಾಗ ಮತ್ತೆ ಕುಗ್ಗುತ್ತದೆ. ಹೀಗೆ ಮಿಡಿಯುವ ಈ ಜಾತಿಯ ತಾರೆಗಳಲ್ಲಿ ಮಿಡಿತ ನಿಧಾನವಾದಷ್ಟೂ ನಿಜವಾದ ಪ್ರಕಾಶ ಹೆಚ್ಚು ಎಂದು ಖಗೋಳಜ್ಞೆ ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟರು. ಮಿಡಿತ ಅಳೆದರೆ ನಿಜವಾದ ಪ್ರಕಾಶ ತಿಳಿಯುತ್ತದೆ; ಅದನ್ನು ಕಣ್ಣಿಗೆ ಕಾಣುವ ಹೊಳಪಿನೊಂದಿಗೆ ಹೋಲಿಸಿದರೆ ದೂರವೂ ಸಿಕ್ಕಂತೆ! 1923ರಲ್ಲಿ ಖಗೋಳಜ್ಞ ಎಡ್ವಿನ್ ಹಬಲ್ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಇಂಥದೊಂದು ತಾರೆಯನ್ನು ಕಂಡು, ಆ ನೀಹಾರಿಕೆ ಕ್ಷೀರಪಥದಾಚೆಯ ಬೇರೆಯೇ ಗೆಲಾಕ್ಸಿ ಎಂದು ಸಾಧಿಸಿದರು.