ಪ್ರಜಾವಾಣಿ: ಹೊರಗಿನವರಿಗೆ ಬಿಟ್ಟುಕೊಟ್ಟ ಜಾಗ

ಪ್ರಜಾವಾಣಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಮಾಲೀಕರಿಂದ ಶುರುಮಾಡುತ್ತಾರೆ. ಅಬಕಾರಿ ವ್ಯವಹಾರದಲ್ಲಿದ್ದ ಕೆ.ಎನ್. ಗುರುಸ್ವಾಮಿ 1948ರ ಜೂನ್‌ನಲ್ಲಿ ಬೆಂಗಳೂರಿನಿಂದ ಇಂಗ್ಲಿಷ್ ದಿನಪತ್ರಿಕೆ ಡೆಕ್ಕನ್ ಹೆರಾಲ್ಡ್ ತಂದರು. ಅದರ ಬೆನ್ನಿಗೇ ಅಕ್ಟೋಬರ್ 15ಕ್ಕೆ ಕನ್ನಡ ಪತ್ರಿಕೆ ಪ್ರಜಾವಾಣಿ ಬಂತು. ನಾಟಕಕಾರ, ಕಾದಂಬರಿಕಾರ ಬಿ. ಪುಟ್ಟಸ್ವಾಮಯ್ಯ ಮೊದಲ ಸಂಪಾದಕರು. ಮುಂದೆ ಸುಧಾ, ಮಯೂರ ನಿಯತಕಾಲಿಕೆಗಳು ಸೇರಿಕೊಂಡವು. ಇದೆಲ್ಲ ನಿಜವೇ. ಆದರೆ ಸಂಸ್ಥೆ ಬೆಳೆದ ಬಗೆ ತಿಳಿದ ಮಾತ್ರಕ್ಕೆ ಪತ್ರಿಕೆ ಓದುಗರಿಗೆ ಏಕೆ ಬೇಕಾಯಿತು ಎಂಬುದು ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಪ್ರಜಾವಾಣಿಯ ಹೆಚ್ಚುಗಾರಿಕೆ ಇರುವುದು ತನ್ನ ಪುಟಗಳನ್ನು ಹೊರಗಿನವರಿಗೆ ಬಿಟ್ಟುಕೊಟ್ಟದ್ದರಲ್ಲಿ. ಅದು ಎಡವಿದ್ದೂ ಅಲ್ಲಿಯೇ.

ಓದುಗರ ಪತ್ರಗಳ ಅಂಕಣ ‘ವಾಚಕರ ವಾಣಿ’ಯನ್ನೇ ನೋಡಿ. ನಾಲ್ಕೈದು ವಾಕ್ಯಗಳ ಪತ್ರ, ಮೇಲೊಂದು ದಪ್ಪಕ್ಷರದ ತಲೆಬರಹ, ಕೆಳಗೆ ಬರೆದವರ ಹೆಸರು ಮತ್ತು ಊರು. ಆ ಊರಿನ ಹೆಸರಿಗೆ ದೊಡ್ಡ ಬೆಲೆಯಿದೆ. ಪಾವಗಡದ ಮೇಷ್ಟ್ರೊಬ್ಬರು ಮಂತ್ರಿಯ ಹೇಳಿಕೆಯನ್ನು ತರಾಟೆಗೆ ತೆಗೆದುಕೊಳ್ಳಬಹುದು, ಹಿರಿಯ ಸಾಹಿತಿಯ ಮಾತಿಗೆ ಕಾಲೇಜು ಹುಡುಗಿ ಎದುರಾಡಬಹುದು. ಪಕ್ಕದಲ್ಲೇ ಬಸ್ ನಿಲ್ಲಿಸದ ಕಂಡಕ್ಟರನ ಮೇಲಿನ ದೂರೂ ಇರುತ್ತದೆ. ಮೂರಕ್ಕೂ ಒಂದೇ ಗಾತ್ರದ ಅಕ್ಷರ. ಸಂಪಾದಕೀಯಕ್ಕಿಂತ ಮೊದಲು ಈ ಅಂಕಣಕ್ಕೆ ಕಣ್ಣು ಹಾಯಿಸುವವರು ಬಹಳ ಮಂದಿ, ನಾನೂ ಅವರಲ್ಲೊಬ್ಬ.

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯದೂ ಇದೇ ಗುಣ. ಯಾರ ಪರಿಚಯವೂ ಇಲ್ಲದ, ಬೆಂಗಳೂರನ್ನೇ ಕಾಣದ ಹೊಸ ಬರಹಗಾರ ಅಂಚೆಯಲ್ಲಿ ಕಥೆ ಕಳಿಸಿ ನಾಡಿನ ಗಮನ ಸೆಳೆಯಲು ಅಲ್ಲಿ ದಾರಿಯಿತ್ತು. ಟಿ.ಎಸ್. ರಾಮಚಂದ್ರ ರಾಯರ ‘ಛೂಬಾಣ’ ಅಂಕಣ ರಾಜಕೀಯದ ಮಾತಿಗೆ ಚುರುಕು ತಂದರೆ, ಪತ್ರಕರ್ತ ವೈ.ಎನ್.ಕೆ. ನೋಡಿಕೊಂಡ ಸಾಪ್ತಾಹಿಕ ಪುರವಣಿ ನವ್ಯ ಸಾಹಿತ್ಯದ ಹೊಸಬರಿಗೆ ಬಾಗಿಲು ತೆರೆಯಿತು. ಲೇಖಕ ಪಿ. ಲಂಕೇಶ್ ಇಲ್ಲಿ ಅಂಕಣಕಾರರಾಗಿದ್ದು ಓದುಗರನ್ನು ಗಳಿಸಿಕೊಂಡೇ 1980ರಲ್ಲಿ ತಮ್ಮ ಪತ್ರಿಕೆ ಕಟ್ಟಿದರು.

ಹಾಗಾದರೆ ಎಡವಿದ್ದೆಲ್ಲಿ? ಹೊರಗಿನವರಿಗೆ ಸಿಕ್ಕಿದ್ದು ಪತ್ರದ ಅಂಕಣ, ಪುರವಣಿ, ವಿಶೇಷಾಂಕ. ಯಾವುದು ಸುದ್ದಿ, ಯಾವುದು ಮೊದಲ ಪುಟಕ್ಕೆ ತಕ್ಕದ್ದು ಎಂದು ತೀರ್ಮಾನಿಸುವ ಮೇಜು ಮಾತ್ರ ಅವರ ಕೈಗೆ ಸಿಗಲಿಲ್ಲ. 1970ರ ದಶಕದಲ್ಲಿ ದಲಿತ ಲೇಖಕರು ತಮ್ಮ ಮಾತಿಗಾಗಿ ‘ಪಂಚಮ’ವೆಂಬ ಬೇರೆಯೇ ಪತ್ರಿಕೆ ನಡೆಸಬೇಕಾಯಿತು. ಕನ್ನಡದ ದೊಡ್ಡ ಪತ್ರಿಕೆಗಳೆಲ್ಲ ಉತ್ತರ ಕೊಡಬೇಕಾದ ಸಂಗತಿ ಇದು. ಪ್ರಜಾವಾಣಿಗೆ ಇದರ ಹೊಣೆ ಹೆಚ್ಚು, ಏಕೆಂದರೆ ಅದು ಪ್ರಜೆಗಳ ಹೆಸರಿನಲ್ಲೇ ಹೊರಟ ಪತ್ರಿಕೆ.

ಆ ಮೇಜು ಒಮ್ಮೆ ಕೈ ಬದಲಾಯಿತು. 2012ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿಯಂದು ದಲಿತ ಲೇಖಕ ದೇವನೂರ ಮಹಾದೇವ ಅತಿಥಿ ಸಂಪಾದಕರಾಗಿ ಸಂಚಿಕೆ ರೂಪಿಸಿದರು. ದಲಿತರ ಬದುಕು ಆ ದಿನ ಪುರವಣಿಯ ವಿಷಯವಾಗಿರಲಿಲ್ಲ, ಪತ್ರಿಕೆಯೇ ಅದಾಗಿತ್ತು. ಭಾರತೀಯ ಪತ್ರಿಕೋದ್ಯಮದಲ್ಲಿ ಇಂಥ ಧೈರ್ಯ ಅಪರೂಪ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಪತ್ರಿಕೆಗೆ ಆಗಲೇ 64ರ ಹತ್ತಿರ ವಯಸ್ಸಾಗಿತ್ತು, ಕೊಟ್ಟದ್ದು ಒಂದು ದಿನ.

1999ರಲ್ಲಿ ವಿಜಯ ಕರ್ನಾಟಕ ದಿನಪತ್ರಿಕೆ ಬಂದ ಮೇಲೆ ಬೆಲೆಯ ಪೈಪೋಟಿ, ಜಿಲ್ಲಾ ಆವೃತ್ತಿಗಳು, ಪ್ರಸಾರದ ಲೆಕ್ಕ ಎಲ್ಲವೂ ಬದಲಾದವು. ಆ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಪ್ರಜಾವಾಣಿಯನ್ನು ಪ್ರಸಾರದ ಸಂಖ್ಯೆಯಿಂದ ಅಳೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಸಂಪಾದಕೀಯ ವಿಭಾಗದಲ್ಲಿ ಇಂದು ಎಷ್ಟು ಮಂದಿ ದಲಿತರು, ಎಷ್ಟು ಮಂದಿ ಹೆಣ್ಣುಮಕ್ಕಳು ಮೊದಲ ಪುಟ ಕಟ್ಟುತ್ತಿದ್ದಾರೆ ಎಂಬ ಲೆಕ್ಕವನ್ನು ಪತ್ರಿಕೆ ತಾನಾಗಿಯೇ, ತನ್ನ ಪುಟದಲ್ಲೇ ಓದುಗರ ಮುಂದಿಡಲಿ. ಅದಕ್ಕೆ ಬರುವ ಪ್ರತಿಕ್ರಿಯೆಗಳನ್ನು ವಾಚಕರ ವಾಣಿಯಲ್ಲಿ ಅಚ್ಚುಹಾಕಲಿ.