ಸಾಹಸದೃಶ್ಯಗಳಲ್ಲಿ ಸ್ತ್ರೀಪಾತ್ರ: ‘ನಾಗರಹಾವು’ ಚಿತ್ರವನ್ನು ಕುರಿತು

ಮಂಡ್ಯ, ಮದ್ದೂರು, ಮಳವಳ್ಳಿಗಳ ಚಿತ್ರಾಭಿಮಾನಿಗಳಿಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ವಿಶೇಷ ಅಭಿಮಾನದ ಚಿತ್ರ. ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಷರು ತೆರೆಗೆ ಬಂದುದು ಅದರಿಂದಲೇ. ಅವರ ಜಲೀಲನು ಅಲಮೇಲುವನ್ನು ಬೀದಿಯಲ್ಲಿ ಚುಡಾಯಿಸುತ್ತಾನೆ. ಅವನನ್ನು ದಂಡಿಸುವ ಕಾರ್ಯ ನಾಯಕನ ಪಾಲಿಗೆ ಸೇರಿದೆ. ಅದೇ ಚಿತ್ರದಲ್ಲಿ ಜಯಂತಿಯವರ ಓಬವ್ವ ಒನಕೆ ಹಿಡಿದು ಏಕಾಕಿನಿಯಾಗಿ ಕೋಟೆಯನ್ನು ಕಾಯುತ್ತಾಳೆ. ಆದರೆ ಅವಳು ಬರುವುದು ಹಾಡೊಂದರಲ್ಲಿ, ಗತಕಾಲದ ಸ್ಮರಣೆಯಾಗಿ. ಗತಕಾಲದ ಸ್ತ್ರೀಗೆ ಆಯುಧ, ವರ್ತಮಾನದ ಸ್ತ್ರೀಗೆ ಕಣ್ಣೀರು ಎಂಬ ಈ ಹಂಚಿಕೆಯನ್ನು ಇತಿಹಾಸವನ್ನು ಬೋಧಿಸುವ ನಾವು ಒಪ್ಪಲಾರೆವು. 1991ರ ‘ಎಸ್.ಪಿ. ಭಾರ್ಗವಿ’ಯಲ್ಲಿ ಮಾಲಾಶ್ರೀಯವರ ಪೊಲೀಸ್ ಅಧಿಕಾರಿಣಿ ಅದನ್ನು ಮುರಿದಳು. ಆದರೂ ಅಭಿಮಾನಿಗಳ ಅನುಕರಣೆಗೆ ಇಂದಿಗೂ ಸಿಕ್ಕುವುದು ಜಲೀಲನ ಮಾತೇ. ಊರಿನ ನಟನಲ್ಲಿ ಅಭಿಮಾನವಿರುವುದು ಸಾಧು. ಅಲಮೇಲುವಿನ ಅಪಮಾನವನ್ನು ವಿನೋದವೆಂದು ನಗುವುದು ಸಾಧುವಲ್ಲ.