ತುಕ್ಕು ಹಚ್ಚುವ ಕಲೆ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೊರಟಾಗ ಅವನು ಫೋನಿನಲ್ಲಿ ಕೇಳಿದ್ದು ಚಟ್ನಿಪುಡಿಯನ್ನಲ್ಲ, ಉಪ್ಪಿನಕಾಯಿಯನ್ನೂ ಅಲ್ಲ. "ಅಮ್ಮಾ, ಅಟ್ಟದ ಮೇಲೆ ನನ್ನ ಕಾರುಗಳ ಡಬ್ಬ ಇದೆಯಲ್ಲ, ಅದನ್ನು ತಗೊಂಡು ಬಾ" ಎಂದ. ಮೂವತ್ತು ದಾಟಿದ ಮಗ! ಎರಡು ಸಲ ಮನೆ ಬದಲಾಯಿಸಿದಾಗಲೂ ಆ ಬಿಸ್ಕತ್ತಿನ ಡಬ್ಬವನ್ನು ಹಳೇ ಸಾಮಾನಿನವನಿಗೆ ಹಾಕದೆ ಕಾಪಾಡಿದವಳು ನಾನು. ಕೇಳಿದನಲ್ಲ ಎಂದು ಸಂತೋಷವೇ ಆಯಿತು. ಅವನ್ನು ಏನು ಮಾಡುತ್ತಾನೆಂದು ಮೊದಲೇ ಗೊತ್ತಿದ್ದರೆ ಒಯ್ಯುತ್ತಿದ್ದೆನೋ ಇಲ್ಲವೋ.

ಅಲ್ಲಿ ಅವನೂ ಸ್ನೇಹಿತರೂ ಭಾನುವಾರಗಳಂದು ಮೇಜಿನ ಮೇಲೆ ಆಡುವ ಆಟದ ಹೆಸರು 'ಗ್ಯಾಸ್‌ಲ್ಯಾಂಡ್ಸ್'. ಮೈಕ್ ಹಚಿನ್ಸನ್ ಬರೆದ ನಿಯಮಗಳ ಪುಸ್ತಕವನ್ನು ಇಂಗ್ಲೆಂಡಿನ ಆಸ್ಪ್ರೇ ಪ್ರಕಾಶನ 2017ರಲ್ಲಿ ತಂದಿತು. ಹಿಗ್ಗಿಸಿದ ಆವೃತ್ತಿ 'ಗ್ಯಾಸ್‌ಲ್ಯಾಂಡ್ಸ್ ರೀಫ್ಯೂಯೆಲ್ಡ್' ಬಂದದ್ದು 2019ರಲ್ಲಿ. ಭೂಮಿ ಹಾಳಾಗಿದೆ. ಟಿ.ವಿ.ಯಲ್ಲಿ ಜನ ನೋಡಲೆಂದು ಕಾರುಗಳ ಮಾರಣಾಂತಿಕ ಪಂದ್ಯ ನಡೆಯುತ್ತದೆ. ಗೆದ್ದವರಿಗೆ ಮಂಗಳ ಗ್ರಹಕ್ಕೆ ಹೋಗುವ ಭಾಗ್ಯ. ಇಷ್ಟು ಕಥೆ.

ಆಟದ ನಿಯಮಗಳು ಚುರುಕಾಗಿವೆ. ಗೇರು ಒಂದರಿಂದ ಆರು; ಏರಿಸಿದಷ್ಟೂ ಒಂದೇ ಸುತ್ತಿನಲ್ಲಿ ಹೆಚ್ಚು ಸಲ ಕಾರು ನಡೆಸಬಹುದು. ಆದರೆ ಅವಸರಕ್ಕೆ ದಂಡವಿದೆ. ಅಪಾಯದ ಬಿಲ್ಲೆಗಳು ಒಂದೊಂದಾಗಿ ಸೇರುತ್ತ ಆರಾದರೆ ಕಾರು ಹತೋಟಿ ತಪ್ಪಿತೆಂದೇ ಲೆಕ್ಕ. ಮನೆ, ಕೆಲಸ ಎರಡನ್ನೂ ಎಳೆಯುವ ಹೆಂಗಸರಿಗೆ ಈ ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಇದರ ಮಿತವ್ಯಯ. ದುಬಾರಿ ಬೊಂಬೆ ಕೊಳ್ಳಬೇಕಿಲ್ಲ. 1953ರಿಂದ ಬರುತ್ತಿರುವ ಮ್ಯಾಚ್‌ಬಾಕ್ಸ್, 1968ರಿಂದ ಬರುತ್ತಿರುವ ಹಾಟ್ ವೀಲ್ಸ್, ಹೀಗೆ ಯಾವ ಪುಟಾಣಿ ಕಾರಾದರೂ ಸರಿ. ಅಡಿಯ ರಿವೆಟ್ಟನ್ನು ಡ್ರಿಲ್ಲಿನಿಂದ ಕೊರೆದು ಬಿಚ್ಚುತ್ತಾರೆ. ಹಳೆಯ ಬಣ್ಣ ತೆಗೆಯುತ್ತಾರೆ. ಟೀ ಸೋಸುವ ಜಾಲರಿಯ ತುಂಡು ಕಿಟಕಿಯ ಕಂಬಿಯಾಗುತ್ತದೆ, ಹಲ್ಲುಕಡ್ಡಿ ಮೊಳೆಯಾಗುತ್ತದೆ. ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಆಮೇಲೆ ನೀರಾಗಿ ಕಲಸಿದ ಕಪ್ಪು ಕಂದನ್ನು ಹರಿಯಬಿಟ್ಟರೆ ಅದು ಸಂದುಗಳಲ್ಲಿ ಕೂತು ಕೊಳೆಯಂತೆ ಕಾಣುತ್ತದೆ. ಕೊನೆಗೆ ಸ್ಪಂಜಿನ ಚೂರಿನಿಂದ ತುಕ್ಕು!

ನಾವು ಆಯುಧಪೂಜೆಯ ಹಿಂದಿನ ದಿನ ಕುಳಿತು ಉಜ್ಜಿ ತೆಗೆಯುವ ತುಕ್ಕನ್ನು ಇವರು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಹಚ್ಚುತ್ತಾರೆ. ಮೊದಲು ನಗು ಬಂತು. ನೋಡುತ್ತ ನೋಡುತ್ತ ಒಳ್ಳೆಯ ತುಕ್ಕು, ಕೆಟ್ಟ ತುಕ್ಕು ಎಂಬ ಭೇದ ತಿಳಿಯಿತು. ಕಲಿಯುವವರು ಕಾರಿಡೀ ಕಿತ್ತಳೆ ಬಣ್ಣ ಬಳಿಯುತ್ತಾರೆ. ಬಲ್ಲವರು ನೀರು ನಿಲ್ಲುವ ಬಾಗಿಲಿನ ಬುಡಕ್ಕೆ, ಕಲ್ಲು ಸಿಡಿಯುವ ಚಕ್ರದ ಕಮಾನಿಗೆ, ಕೈ ತಾಗುವ ಅಂಚಿಗೆ ಮಾತ್ರ ಹಚ್ಚುತ್ತಾರೆ. ಅಂಥ ಕಾರು ತಾನು ಎಲ್ಲೆಲ್ಲಿ ಓಡಿ ಬಂದೆನೆಂದು ತಾನೇ ಹೇಳುತ್ತದೆ.

ನನ್ನ ತಕರಾರು ಬೇರೆಯದು. ಆಟದಲ್ಲಿ ಎಲ್ಲದರ ಬೆಲೆಯೂ ಇಂಧನದ 'ಕ್ಯಾನ್' ಲೆಕ್ಕ. ಸಾಧಾರಣ ಕಾರಿಗೆ 12 ಕ್ಯಾನ್, ಮೆಷಿನ್ ಗನ್ನಿಗೆ 2. ಹಾಗಾಗಿ ಮಗನ ಕಪಾಟಿನಲ್ಲಿ ಕಂಡ ಕಾರುಗಳ ಮೇಲೆಲ್ಲ ಬಂದೂಕು, ಮುಳ್ಳು, ಗರಗಸ. ಒಂದರ ಮೇಲೂ ನೀರಿನ ಕೊಡವಿಲ್ಲ, ಹಾಸಿಗೆಯ ಸುರುಳಿಯಿಲ್ಲ. ಲೋಕ ಮುಳುಗಿದ ಮರುದಿನ ಇವರೆಲ್ಲ ಊಟ ಎಲ್ಲಿ ಮಾಡುತ್ತಾರೆ? ಮನೆ ಬಿಟ್ಟು ಹೊರಟವರು ಮೊದಲು ಕಟ್ಟುವುದು ಗಂಟನ್ನು. ಗಂಟಿಲ್ಲದ ಪ್ರಳಯವನ್ನು ನಾನು ನಂಬಲಾರೆ.

ಒಂದು ಸಂಜೆ ಡಬ್ಬದಿಂದ ನೀಲಿ ಕಾರು ಹೊರಗೆ ಬಂತು. ಅದರ ಮೂತಿಯ ತಗ್ಗು ಮಹಡಿಯಿಂದ ಬಿದ್ದಾಗ ಆದದ್ದು. ಪಕ್ಕದ ಗೀರುಗಳು ನಮ್ಮ ಹಳೆ ಮನೆಯ ಕೆಂಪು ಗಾರೆ ನೆಲದವು. ಜ್ವರ ಬಂದು ಶಾಲೆ ತಪ್ಪಿದ ವಾರ ಹಾಸಿಗೆಯ ಸುತ್ತ ಓಡಿಸಿದ್ದ. ಅವನು ಡ್ರಿಲ್ ಎತ್ತಿಕೊಂಡ. ಪಕ್ಕದಲ್ಲೇ ಬಣ್ಣ ತೆಗೆಯುವ ದ್ರವದ ಬಟ್ಟಲು.

"ನಿಜವಾದ ಗೀರು ಅಳಿಸಿ ಅದರ ಮೇಲೆ ಸುಳ್ಳು ಗೀರು ಬರೀತೀಯೇನೋ?" ಎಂದೆ. ದನಿ ಯಾಕೋ ಒಡೆಯಿತು.

ಅವನು ಕಾರನ್ನು ತಿರುಗಿಸಿ ತಿರುಗಿಸಿ ನೋಡಿದ. ಬಟ್ಟಲಿಗೆ ಮುಚ್ಚಳ ಹಾಕಿದ. "ಆಟದಲ್ಲಿ ಬಂದೂಕು ಬೇಕೇ ಬೇಕು ಕಣಮ್ಮ. ಬಣ್ಣ ಹೀಗೇ ಇರಲಿ. ಮೇಲಿನ ಗಂಟು ನೀನೇ ಮಾಡಿಕೊಡು" ಎಂದ.

ಕಾಗದದ ಕರವಸ್ತ್ರವನ್ನು ಅಂಟಿನಲ್ಲಿ ಅದ್ದಿ, ಬೆರಳ ತುದಿಯಷ್ಟು ಹಾಸಿಗೆ ಸುತ್ತಿ, ದಾರದಲ್ಲಿ ಕಟ್ಟಿದೆ. ಒಂದು ಮಣಿ ಕೊಡವಾಯಿತು. ಮಣ್ಣಿನ ಬಣ್ಣ ಬಳಿದು, ಒಣಗಿಸಿ, ಕಾರಿನ ತಲೆಯ ಮೇಲೆ ಕೂರಿಸಿದೆವು.

"ಇದಕ್ಕೆಷ್ಟೋ ಕ್ಯಾನು?" ಎಂದೆ.

"ಇದಕ್ಕೆ ಬೆಲೆಯಿಲ್ಲಮ್ಮ. ಅಲಂಕಾರಕ್ಕೆ ಎಂದು ಬಿಟ್ಟುಬಿಡುತ್ತೇವೆ."

ನಾವು ಹೆಂಗಸರು ಮಾಡುವ ಎಷ್ಟೋ ಕೆಲಸ ಇದೇ ಲೆಕ್ಕದಲ್ಲಿ ಹೋಗುತ್ತದೆ ಎಂದು ಮನಸ್ಸಿಗೆ ಬಂತು. ಮಗನಿಗೆ ಹೇಳಲಿಲ್ಲ.

ಭಾನುವಾರ ಸ್ನೇಹಿತರು ಬಂದರು. ನೀಲಿ ಕಾರು ಬೇಗನೆ ಆರು ಬಿಲ್ಲೆ ಕೂಡಿಸಿಕೊಂಡು ಪಲ್ಟಿಯಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಂಟು ಮಾತ್ರ ಬಿಚ್ಚಲಿಲ್ಲ.